ಪ್ರಾಂಶುಪಾಲರ ಸ್ಮರಣಫಲಕ: ಪ್ರಭಾರದಲ್ಲಿದ್ದವರ ಹೆಸರನ್ನೂ ಕೆತ್ತಿಸಬೇಕೆ?

ಪಿನಾಕಿನಿ:

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿರುವ ಸಣ್ಣ ಅನುದಾನಿತ ಪದವಿ ಕಾಲೇಜಿನ ಹಿರಿಯ ವಿದ್ಯಾರ್ಥಿಗಳ ಸಂಘದ ಪರವಾಗಿ ಈ ಪ್ರಶ್ನೆಯನ್ನು ಕೇಳುತ್ತಿದ್ದೇನೆ. ಕಾಲೇಜು ಆರಂಭವಾದಾಗ ರಾಜ್ಯಕ್ಕೆ ಇನ್ನೂ ಮೈಸೂರು ಎಂಬ ಹೆಸರೇ ಇತ್ತು. ನಮ್ಮ ತಾಲ್ಲೂಕು ಕೋಲಾರ ಜಿಲ್ಲೆಗೆ ಸೇರಿತ್ತು. ಅಂದಿನಿಂದ ಕಾಲೇಜನ್ನು ನಡೆಸಿಕೊಂಡು ಬಂದ ಪ್ರಾಂಶುಪಾಲರ ಹೆಸರುಗಳನ್ನು ಹೊತ್ತ ಒಂದು ಸ್ಮರಣಫಲಕವನ್ನು ಆವರಣದಲ್ಲಿ ಇರಿಸಬೇಕೆಂದು ಸಂಘದ ಸಭೆಯಲ್ಲಿ ತೀರ್ಮಾನವಾಗಿ, ಆಡಳಿತ ಮಂಡಳಿಯೂ ಅದಕ್ಕೆ ಒಪ್ಪಿದೆ. ಫಲಕದ ಬರಹವನ್ನು ಸಿದ್ಧಪಡಿಸುವ ಹೊಣೆಯನ್ನು ನನಗೆ ವಹಿಸಿದ್ದಾರೆ.

ಎಲ್ಲ ಕಾಲೇಜುಗಳಲ್ಲಿಯೂ ಇರುವಂತೆ ನಮ್ಮಲ್ಲಿಯೂ ಪ್ರಾಂಶುಪಾಲರ ಕುರ್ಚಿಯ ಹಿಂದಿನ ಗೋಡೆಯ ಮೇಲೆ ಒಂದು ಮರದ ಹಲಗೆ ಇದೆ. ಕಪ್ಪು ಬಣ್ಣ ಬಳಿದ ಹಲಗೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಕ್ರಮಸಂಖ್ಯೆ, ಹೆಸರು, ‘ಇಂದ’, ‘ವರೆಗೆ’ ಎಂಬ ನಾಲ್ಕು ಕಾಲಂಗಳಿವೆ. ಮೊದಲಿನ ಹೆಸರುಗಳನ್ನು ನುರಿತ ಕಲಾವಿದರೊಬ್ಬರು ಬರೆದಂತಿದೆ; ಕೆಳಗಿಳಿದಂತೆ ಅಕ್ಷರಗಳು ಸಣ್ಣದಾಗುತ್ತ ಹೋಗಿ, ಕೊನೆಯ ಹೆಸರು ಚೌಕಟ್ಟಿನ ಪಟ್ಟಿಯ ಮೇಲೆಯೇ ಬಂದು ಕುಳಿತಿದೆ. ಇದನ್ನೇ ಕಲ್ಲಿಗೆ ಇಳಿಸಿದರೆ ಸಾಕೆಂದು ಸಂಘದ ಹಲವರ ಅಭಿಪ್ರಾಯ. ಆದರೆ ದಿನಾಂಕಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದರೆ, ಒಬ್ಬರು ನಿವೃತ್ತರಾದ ಮೇಲೆ ಮುಂದಿನವರು ಬರುವಷ್ಟರಲ್ಲಿ ಸುಮಾರು ನಾಲ್ಕು ವರ್ಷಗಳ ಅಂತರವಿರುವುದು ಕಾಣುತ್ತದೆ. ಬೇರೆ ಕಡೆಗಳಲ್ಲಿಯೂ ಕೆಲವು ತಿಂಗಳುಗಳ ಅಂತರಗಳಿವೆ.

ಆ ನಾಲ್ಕು ವರ್ಷ ಕಾಲೇಜು ಮುಚ್ಚಿರಲಿಲ್ಲ. ಅದೇ ಅವಧಿಯಲ್ಲಿ ನಾನು ಅಲ್ಲಿ ಬಿ.ಎ. ವಿದ್ಯಾರ್ಥಿನಿಯಾಗಿದ್ದೆ. ಪ್ರಾಂಶುಪಾಲರ ಹುದ್ದೆ ಖಾಲಿ ಉಳಿದು, ನೇಮಕಾತಿಗೆ ಅನುಮತಿ ದೊರೆಯದೆ, ಅರ್ಥಶಾಸ್ತ್ರ ವಿಭಾಗದ ಹಿರಿಯ ಅಧ್ಯಾಪಕಿಯೊಬ್ಬರು ಪ್ರಭಾರ ವಹಿಸಿಕೊಂಡು ಕಾಲೇಜನ್ನು ನಡೆಸಿದರು. ದಾಖಲಾತಿ ಕುಸಿದು ಬಿ.ಎ. ವಿಭಾಗವನ್ನೇ ನಿಲ್ಲಿಸುವ ಮಾತು ಬಂದಾಗ ಅವರು ಬೇಸಿಗೆ ರಜೆಯಲ್ಲಿ ಸುತ್ತಲಿನ ಹಳ್ಳಿಗಳಿಗೆ ಹೋಗಿ, ಪಿ.ಯು.ಸಿ. ಮುಗಿಸಿ ರೇಷ್ಮೆ ಹುಳುವಿನ ಮನೆಯ ಕೆಲಸಕ್ಕೆ ನಿಂತಿದ್ದ ಹೆಣ್ಣುಮಕ್ಕಳ ತಂದೆತಾಯಿಯರೊಡನೆ ಮಾತಾಡಿ ಅವರನ್ನು ಕಾಲೇಜಿಗೆ ಕರೆತಂದರು. ನನ್ನ ತರಗತಿಯಲ್ಲಿಯೇ ಹಾಗೆ ಬಂದವರಿದ್ದರು. ಬೆಳಿಗ್ಗೆ ಎರಡು ಪಾಠ ಮುಗಿಸಿ, ಸೀಮೆಸುಣ್ಣದ ಕೈಯಲ್ಲೇ ಕಚೇರಿಗೆ ಬಂದು ಸಹಿ ಹಾಕಲು ಕೂರುತ್ತಿದ್ದ ಅವರ ಹೆಸರು ಆ ಹಲಗೆಯ ಮೇಲೆ ಎಲ್ಲಿಯೂ ಇಲ್ಲ.

ಇದನ್ನು ಸಭೆಯಲ್ಲಿ ಎತ್ತಿದಾಗ, “ಇನ್‌ಚಾರ್ಜ್ ಇದ್ದವರನ್ನೆಲ್ಲ ಸೇರಿಸಿದರೆ ಪಟ್ಟಿಗೆ ಕೊನೆಯೇ ಇರುವುದಿಲ್ಲ, ಹದಿನೈದು ದಿನ ಕುರ್ಚಿಯಲ್ಲಿ ಕೂತವರೂ ಬಂದು ಕೇಳುತ್ತಾರೆ” ಎಂಬ ಉತ್ತರ ಬಂತು. ಆ ಮಾತನ್ನೂ ಸುಮ್ಮನೆ ತಳ್ಳಿಹಾಕುವಂತಿಲ್ಲ. ಆದ್ದರಿಂದ ನನ್ನ ಮುಖ್ಯ ಪ್ರಶ್ನೆ ಇದು: ಪ್ರಭಾರದಲ್ಲಿದ್ದವರಲ್ಲಿ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಎಂಬುದಕ್ಕೆ ಯಾರೂ ತಕರಾರು ಎತ್ತಲಾಗದಂಥ ಒಂದು ನಿಯಮವನ್ನು ಹೇಗೆ ರೂಪಿಸಿಕೊಳ್ಳಬೇಕು? ಹಲಗೆಯ ದಿನಾಂಕಗಳನ್ನು ಯಾವ ದಾಖಲೆಗಳೊಂದಿಗೆ ತಾಳೆ ನೋಡಬೇಕು?

ಇದರ ಜೊತೆಗೆ ಇನ್ನೂ ಕೆಲವು ಸಲಹೆಗಳು ಬಂದಿವೆ. ಪ್ರತಿಯೊಬ್ಬರ ಹೆಸರಿನ ಕೆಳಗೆ ಅವರ ಗುಣವನ್ನು ಕುರಿತ ಒಂದು ಸಾಲು ಇರಲಿ ಎನ್ನುವವರಿದ್ದಾರೆ. ಆಡಳಿತ ಮಂಡಳಿಯ ಅಧ್ಯಕ್ಷರ ಹೆಸರುಗಳೂ ಅದೇ ಕಲ್ಲಿನ ಮೇಲೆ ಬರಲಿ ಎಂಬ ಒತ್ತಾಯವಿದೆ. ಊರಿನ ಹೆಸರಿನ ಮುಂದೆ ಕೋಲಾರ ಜಿಲ್ಲೆ ಎಂದು ಬರೆಯಬೇಕೇ, ಚಿಕ್ಕಬಳ್ಳಾಪುರ ಜಿಲ್ಲೆ ಎಂದು ಬರೆಯಬೇಕೇ ಎಂಬುದೂ ನಿರ್ಧಾರವಾಗಿಲ್ಲ. ಇಂಥ ಕೆಲಸ ಮಾಡಿದ ಅನುಭವವುಳ್ಳವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಹಳೆಯ ಕಡತ:

ಮೇಡಂ, ಕೋಲಾರದ ಕಡೆಯ ಒಂದು ಅನುದಾನಿತ ಕಾಲೇಜಿನ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಅಧೀಕ್ಷಕನಾಗಿ ನಿವೃತ್ತನಾದವನು ನಾನು. ನಿಮ್ಮ ಮುಖ್ಯ ಪ್ರಶ್ನೆಗೆ ಕಚೇರಿಯ ರೂಢಿಯಲ್ಲಿಯೇ ಉತ್ತರವಿದೆ.

‘ಪ್ರಭಾರ’ ಎಂಬ ಒಂದೇ ಮಾತಿನಡಿ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಸೇರಿಸಿಬಿಡುತ್ತೇವೆ. ಪ್ರಾಂಶುಪಾಲರು ಹುದ್ದೆಯಲ್ಲಿದ್ದು, ರಜೆಯ ಮೇಲೆ ಹೋದಾಗಲೋ ತರಬೇತಿಗೆ ತೆರಳಿದಾಗಲೋ ದೈನಂದಿನ ಕೆಲಸ ನೋಡಿಕೊಳ್ಳಲೆಂದು ಹಿರಿಯ ಅಧ್ಯಾಪಕರಿಗೆ ಕೊಡುವ ಹೊಣೆ ಒಂದು. ಅಲ್ಲಿ ಪ್ರಾಂಶುಪಾಲರು ಇದ್ದೇ ಇರುತ್ತಾರೆ. ಮುಖ್ಯವಾದ ಕಡತಗಳು ಅವರಿಗಾಗಿ ಕಾಯುತ್ತವೆ. ಹಿಂದಿನವರು ನಿವೃತ್ತರಾಗಿಯೋ ರಾಜೀನಾಮೆ ಕೊಟ್ಟೋ ತೀರಿಕೊಂಡೋ ಹುದ್ದೆಯೇ ಖಾಲಿಯಾಗಿ, ಹೊಸಬರ ನೇಮಕವಾಗುವವರೆಗೆ ಸೇವಾಜ್ಯೇಷ್ಠತೆಯ ಮೇಲೆ ಒಬ್ಬರು ಪೂರ್ಣ ಪ್ರಭಾರ ವಹಿಸಿಕೊಳ್ಳುವುದು ಇನ್ನೊಂದು. ಆಗ ಸಂಬಳದ ಬಿಲ್ಲಿಗೆ, ವಿಶ್ವವಿದ್ಯಾನಿಲಯಕ್ಕೆ ಹೋಗುವ ಪತ್ರಕ್ಕೆ, ವಿದ್ಯಾರ್ಥಿಯ ವರ್ಗಾವಣೆ ಪತ್ರಕ್ಕೆ ಅವರದೇ ಸಹಿ. ತಪ್ಪಾದರೆ ನೋಟಿಸು ಬರುವುದೂ ಅವರ ಹೆಸರಿಗೇ. ಹುದ್ದೆ ಖಾಲಿಯಿದ್ದಾಗ ಪ್ರಭಾರ ವಹಿಸಿಕೊಂಡವರೆಲ್ಲರ ಹೆಸರೂ ಬರಬೇಕು, ರಜೆಯ ಅವಧಿಯಲ್ಲಿ ನೋಡಿಕೊಂಡವರ ಹೆಸರು ಬೇಡ ಎಂದು ನಿಯಮ ಮಾಡಿಕೊಳ್ಳಿ. ಇಂತಿಷ್ಟು ದಿನಕ್ಕಿಂತ ಹೆಚ್ಚು ಇದ್ದವರು ಎಂದು ಗಡುವು ಹಾಕಲು ಹೋಗಬೇಡಿ. ಯಾವ ಗಡುವು ಹಾಕಿದರೂ ಅದರ ಅಂಚಿನಲ್ಲಿ ಯಾರೋ ಒಬ್ಬರು ಸಿಕ್ಕಿಬೀಳುತ್ತಾರೆ, ಜಗಳ ಅಲ್ಲಿಂದ ಆರಂಭವಾಗುತ್ತದೆ.

ಇನ್ನು ದಾಖಲೆಗಳ ವಿಷಯ. ಗೋಡೆಯ ಹಲಗೆಯನ್ನು ಪ್ರಮಾಣವೆಂದು ದಯವಿಟ್ಟು ಭಾವಿಸಬೇಡಿ. ಹೆಚ್ಚಿನ ಕಾಲೇಜುಗಳಲ್ಲಿ ಅದನ್ನು ಯಾವುದೋ ತಪಾಸಣಾ ಸಮಿತಿ ಬರುವ ಮುಂಚಿನ ವಾರದಲ್ಲಿ, ನೆನಪಿನಿಂದ ಹೇಳಿ ಬರೆಸಿರುತ್ತಾರೆ. ಮೊದಲು ನೋಡಬೇಕಾದದ್ದು ಪ್ರಭಾರ ಹಸ್ತಾಂತರದ ಪತ್ರ. ಬಿಟ್ಟುಕೊಟ್ಟವರು, ವಹಿಸಿಕೊಂಡವರು ಇಬ್ಬರೂ ಸಹಿ ಮಾಡಿ, ಪೂರ್ವಾಹ್ನ ಅಥವಾ ಅಪರಾಹ್ನ ಎಂದು ಹೊತ್ತನ್ನೂ ನಮೂದಿಸುವ ಪತ್ರ ಅದು. ಅದು ಸಿಗದಿದ್ದರೆ ಸೇವಾ ಪುಸ್ತಕ. ಅದೂ ಇಲ್ಲದಿದ್ದರೆ ಸಂಬಳದ ಬಿಲ್ಲುಗಳ ಕಚೇರಿ ಪ್ರತಿ. ಬೇರೆ ಯಾವ ಕಾಗದ ತಪ್ಪಿದರೂ ಸಂಬಳದ ಬಿಲ್ಲು ಮಾತ್ರ ತಿಂಗಳಿಗೊಂದು ಇದ್ದೇ ಇರಬೇಕು, ಅದರ ಕೆಳಗೆ ಆ ತಿಂಗಳು ಕಾಲೇಜಿನ ಮುಖ್ಯಸ್ಥರಾಗಿದ್ದವರ ಸಹಿ ಇರಲೇಬೇಕು. ಬಿಲ್ಲುಗಳನ್ನು ವರ್ಷವಾರು ಜೋಡಿಸಿಕೊಂಡು ಸಹಿ ಬದಲಾದ ತಿಂಗಳನ್ನು ಗುರುತು ಹಾಕುತ್ತ ಹೋದರೆ ಇಡೀ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ. ನಗದು ವಹಿಯೂ ಅಷ್ಟೇ ಉಪಯುಕ್ತ. ಮೇ ಕೊನೆಯಿಂದ ಜುಲೈವರೆಗಿನ ಅವಧಿಗೆ ವರ್ಗಾವಣೆ ಪತ್ರದ ಪುಸ್ತಕಗಳ ಉಳಿಕೆ ಪ್ರತಿ ನೋಡಿ. ಆ ದಿನಗಳಲ್ಲಿ ದಿನವೂ ಹತ್ತಾರು ಪತ್ರ ಕೊಡುವುದರಿಂದ ಸಹಿ ಬದಲಾದ ದಿನವೇ ಸಿಕ್ಕಿಬಿಡುತ್ತದೆ.

ಹಲಗೆಯ ದಿನಾಂಕ ಸರಿಯೇ ಎಂದು ಕೂತಲ್ಲಿಯೇ ಪರೀಕ್ಷಿಸಲು ಒಂದು ಉಪಾಯವಿದೆ. ವಯೋನಿವೃತ್ತಿ ಆಗುವುದು ತಿಂಗಳ ಕೊನೆಯ ದಿನದ ಅಪರಾಹ್ನ. ಯಾರ ಹೆಸರಿನ ಮುಂದೆಯಾದರೂ ‘ವರೆಗೆ’ ಎಂಬಲ್ಲಿ ತಿಂಗಳ ನಡುವಿನ ದಿನಾಂಕವಿದ್ದರೆ, ಒಂದೋ ಅವರು ವಯೋನಿವೃತ್ತಿಯಿಂದ ಹೋದವರಲ್ಲ, ಇಲ್ಲವೇ ದಿನಾಂಕ ತಪ್ಪು. ಹಾಗೆಯೇ ಒಬ್ಬರು ಅಪರಾಹ್ನ ಬಿಟ್ಟುಕೊಟ್ಟದ್ದನ್ನು ಇನ್ನೊಬ್ಬರು ಅದೇ ಅಪರಾಹ್ನ ವಹಿಸಿಕೊಳ್ಳುವುದರಿಂದ ಎರಡು ಸಾಲುಗಳಲ್ಲಿ ಒಂದೇ ದಿನಾಂಕ ಬರುವುದು ಸಹಜ. ಅದನ್ನು ತಪ್ಪೆಂದು ತಿಳಿದು ತಿದ್ದಬೇಡಿ.

ಕೊನೆಯದಾಗಿ, ಒಂದೇ ಪ್ರಾಂಶುಪಾಲರ ಕೆಳಗೆ ಪದವಿಪೂರ್ವ ತರಗತಿಗಳೂ ಪದವಿ ತರಗತಿಗಳೂ ನಡೆಯುತ್ತಿದ್ದ ಕಾಲವೊಂದಿತ್ತು. ನಿಮ್ಮದು ಹಾಗೆ ಒಟ್ಟಿಗಿದ್ದು ಆಮೇಲೆ ಬೇರೆಯಾದ ಕಾಲೇಜಾದರೆ, ಬೇರೆಯಾದ ಬಳಿಕ ಪದವಿಪೂರ್ವದ ಕಡೆ ಪ್ರಾಂಶುಪಾಲರಾದವರ ಹೆಸರು ಈ ಪಟ್ಟಿಯಲ್ಲಿ ಬರಬೇಕೆ ಎಂಬುದನ್ನು ಈಗಲೇ ಇತ್ಯರ್ಥ ಮಾಡಿಕೊಳ್ಳಿ.

ಮುಳಬಾಗಿಲಿನವ:

ಮೇಲಿನವರ ಅನುಭವಕ್ಕೆ ನನ್ನ ಗೌರವವಿದೆ. ಆದರೂ ಒಂದು ಆಕ್ಷೇಪಣೆಯನ್ನು ಹೇಳಲೇಬೇಕಾಗಿದೆ. ಸಣ್ಣ ಕಾಲೇಜುಗಳಲ್ಲಿ ಪ್ರಾಂಶುಪಾಲರ ಹುದ್ದೆಯನ್ನು ವರ್ಷಗಟ್ಟಲೆ ತುಂಬದೆ, ಇರುವ ಅಧ್ಯಾಪಕರೊಬ್ಬರ ತಲೆಯ ಮೇಲೆ ಪಾಠ, ಆಡಳಿತ ಎರಡನ್ನೂ ಹೊರಿಸಿ ಕೆಲಸ ಸಾಗಿಸುವ ಪರಿಪಾಠ ಬೆಳೆದುಬಿಟ್ಟಿದೆ. ನಾನೂ ಅಧ್ಯಾಪಕನಾಗಿದ್ದು ಅದನ್ನು ಹತ್ತಿರದಿಂದ ನೋಡಿದ್ದೇನೆ. ಪ್ರಭಾರದಲ್ಲಿದ್ದವರನ್ನು ಖಾಯಂ ಪ್ರಾಂಶುಪಾಲರ ಸಾಲಿನಲ್ಲಿಯೇ ನಿಲ್ಲಿಸಿ ಕಲ್ಲಿನ ಮೇಲೆ ಕೆತ್ತಿದರೆ, ನೋಡುವವರಿಗೆ ಕಾಲೇಜು ಎಂದೂ ಮುಖ್ಯಸ್ಥರಿಲ್ಲದೆ ಇರಲಿಲ್ಲ, ಎಲ್ಲವೂ ಕ್ರಮವಾಗಿಯೇ ನಡೆದಿತ್ತು ಎಂಬ ಭಾವನೆ ಮೂಡುವುದಿಲ್ಲವೇ? ಆ ಅಧ್ಯಾಪಕಿಯವರಿಗೆ ಆ ನಾಲ್ಕು ವರ್ಷಗಳಲ್ಲಿ ಪ್ರಾಂಶುಪಾಲರ ವೇತನಶ್ರೇಣಿ ದೊರೆತಿತ್ತೇ? ಅವರ ಪಾಠದ ಹೊರೆ ಕಡಿಮೆಯಾಗಿತ್ತೇ? ಇಲ್ಲವೆಂದಾದರೆ, ಬದುಕಿದ್ದಾಗ ಕೊಡಬೇಕಾದದ್ದನ್ನು ಕೊಡದೆ ಕಲ್ಲಿನ ಮೇಲೆ ಹೆಸರು ಬರೆದರೆ ಸಾಲ ತೀರುವುದಿಲ್ಲ ಎಂಬುದನ್ನು ಸಂಘ ನೆನಪಿಡಬೇಕು. ಅವರ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಒಂದು ವಿದ್ಯಾರ್ಥಿವೇತನವನ್ನು ಸ್ಥಾಪಿಸುವುದು ಹೆಚ್ಚು ಸೂಕ್ತವೆಂದು ನನ್ನ ಅಭಿಪ್ರಾಯ.

ಶಾಸನದ ಓದುಗ:

ಕೋಲಾರದಲ್ಲಿ ಕನ್ನಡ ಅಧ್ಯಾಪಕನಾಗಿದ್ದೇನೆ; ಶಾಸನಗಳ ಓದು ನನ್ನ ಹವ್ಯಾಸ. ಮುಳಬಾಗಿಲಿನವರ ಆತಂಕ ನ್ಯಾಯವಾದದ್ದು, ಆದರೆ ಅದಕ್ಕೆ ಪರಿಹಾರ ಹೆಸರನ್ನು ಬಿಡುವುದಲ್ಲ. ಹೆಸರಿನ ಎದುರು ‘ಪ್ರಭಾರ’ ಎಂದು ಸ್ಪಷ್ಟವಾಗಿ ಕೆತ್ತಿ, ಪಕ್ಕದಲ್ಲಿ ಅವಧಿಯನ್ನು ಹಾಕಿದರೆ, ನಾಲ್ಕು ವರ್ಷ ಈ ಹುದ್ದೆಯನ್ನು ತುಂಬಿರಲಿಲ್ಲವೆಂಬ ಸಂಗತಿಯೂ ಅದೇ ಕಲ್ಲಿನ ಮೇಲೆ ದಾಖಲಾಗುತ್ತದೆ. ಹೆಸರನ್ನು ಬಿಟ್ಟರೆ ಆ ಲೋಪ ಯಾರ ಕಣ್ಣಿಗೂ ಬೀಳುವುದಿಲ್ಲ. ಈಗಿರುವ ಹಲಗೆ ಇಷ್ಟು ವರ್ಷ ಮಾಡಿರುವುದೂ ಅದನ್ನೇ. ಒಂದು ಷರತ್ತು ಮಾತ್ರ: ಅವರ ಹೆಸರಿನ ಅಕ್ಷರಗಳು ಉಳಿದವರ ಹೆಸರಿನಷ್ಟೇ ಎತ್ತರವಿರಬೇಕು, ಹೆಸರು ಕಾಲಕ್ರಮದಲ್ಲಿ ತನ್ನ ಜಾಗದಲ್ಲಿಯೇ ಬರಬೇಕು. ಕೊನೆಯಲ್ಲಿ ಬೇರೆ ಪಟ್ಟಿ ಮಾಡಿ ಸೇರಿಸುವುದು ಗೌರವವಾಗುವುದಿಲ್ಲ.

ಗುಣವರ್ಣನೆಯ ಸಾಲುಗಳು ಖಂಡಿತ ಬೇಡ. ನಮ್ಮ ಸೀಮೆಯವರೇ ಆದ ಎಚ್. ನರಸಿಂಹಯ್ಯನವರನ್ನು ತೆಗೆದುಕೊಳ್ಳಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, 1942ರ ಚಳವಳಿಯಲ್ಲಿ ಸೆರೆಮನೆ ಕಂಡು, ಬಸವನಗುಡಿಯ ನ್ಯಾಷನಲ್ ಕಾಲೇಜಿನ ಪ್ರಾಂಶುಪಾಲರಾಗಿ, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ, 1984ರಲ್ಲಿ ಪದ್ಮಭೂಷಣ ಪಡೆದವರು ಅವರು. ಇಷ್ಟೆಲ್ಲ ಇದ್ದ ಎಚ್ಚೆನ್ ಅವರನ್ನು ಒಂದು ಸಾಲಿನ ವಿಶೇಷಣದಲ್ಲಿ ಹಿಡಿಯಲು ಯಾರಿಗೆ ಸಾಧ್ಯ? ಹಾಗೆಂದು ಒಬ್ಬರಿಗೆ ನಾಲ್ಕು ಸಾಲು ಕೊಟ್ಟು ಇನ್ನೊಬ್ಬರಿಗೆ ‘ಶಿಸ್ತಿನ ಸಿಪಾಯಿ’ ಎಂದಷ್ಟೇ ಬರೆದರೆ ಆ ಇನ್ನೊಬ್ಬರ ಮಕ್ಕಳು ಮೊಮ್ಮಕ್ಕಳು ಅದನ್ನು ಓದಿ ನೊಂದುಕೊಳ್ಳುತ್ತಾರೆ. ಹೆಸರು, ಅವಧಿ ಇಷ್ಟೇ ಇರಲಿ. ಡಾ., ಪ್ರೊ., ಶ್ರೀ, ಶ್ರೀಮತಿ ಇವೆಲ್ಲವನ್ನೂ ಬಿಡುವುದು ಮೇಲು. ಹಲವು ಕಡೆ ಗಂಡಸರ ಹೆಸರಿಗೆಲ್ಲ ‘ಪ್ರೊ.’ ಎಂದು ಹಾಕಿ, ಅದೇ ವೃಂದದ ಅಧ್ಯಾಪಕಿಗೆ ‘ಶ್ರೀಮತಿ’ ಎಂದು ಬರೆದಿರುವುದನ್ನು ನೋಡಿದ್ದೇನೆ. ‘ದಿವಂಗತ’ ಎಂದೂ ಕೆತ್ತಿಸಬೇಡಿ. ಕಲ್ಲನ್ನು ಮುಂದೆ ತಿದ್ದುತ್ತ ಹೋಗಲು ಆಗುವುದಿಲ್ಲ.

ಹೆಸರುಗಳನ್ನು ಅವರವರು ಕನ್ನಡದಲ್ಲಿ ಸಹಿ ಮಾಡುತ್ತಿದ್ದ ರೂಪದಲ್ಲಿಯೇ ಬರೆಯಿರಿ. ನಮ್ಮ ಗಡಿಸೀಮೆಯಲ್ಲಿ ವೆಂಕಟರವಣಪ್ಪನವರೂ ಇದ್ದಾರೆ, ವೆಂಕಟರಮಣಪ್ಪನವರೂ ಇದ್ದಾರೆ. ವ್ಯಾಕರಣ ಬಲ್ಲವರು ಯಾರಾದರೂ ಮೊದಲನೆಯದನ್ನು ಎರಡನೆಯದಾಗಿ ತಿದ್ದಿಬಿಟ್ಟರೆ ಅದು ಬೇರೊಬ್ಬರ ಹೆಸರಾಗುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಸಹಿ ಸಿಕ್ಕರೆ ಮನೆಯವರನ್ನು ಕೇಳಿಯೇ ಕನ್ನಡ ರೂಪವನ್ನು ನಿರ್ಧರಿಸಿ.

ಜಿಲ್ಲೆಯ ಹೆಸರಿನ ಬಗ್ಗೆ ಶಾಸನ ಓದುವವನಾಗಿ ನನಗೆ ಒಂದು ಅಭಿಪ್ರಾಯವಿದೆ. ಬಿ. ಎಲ್. ರೈಸ್ ಅವರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಮಾಲೆಯ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳ ಶಾಸನಗಳೆಲ್ಲ ಅದರಲ್ಲಿಯೇ ಇವೆ. 2007ರಲ್ಲಿ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದನ್ನು ಅರಿಯದ ಓದುಗ ಹೊಸ ಜಿಲ್ಲೆಯ ಹೆಸರಿನಲ್ಲಿ ಹಳೆಯ ಸಂಪುಟವನ್ನು ಹುಡುಕಿ ಬರಿಗೈಯಲ್ಲಿ ಮರಳುತ್ತಾನೆ. ನಿಮ್ಮ ಕಾಲೇಜಿನ ಹಳೆಯ ಕಾಗದಗಳ ಮೇಲೆಲ್ಲ ಕೋಲಾರ ಜಿಲ್ಲೆ ಎಂದೇ ಇರುತ್ತದೆ. ಆದ್ದರಿಂದ ‘ಆಗ ಕೋಲಾರ ಜಿಲ್ಲೆ, ಈಗ ಚಿಕ್ಕಬಳ್ಳಾಪುರ ಜಿಲ್ಲೆ’ ಎಂದು ಸ್ಥಾಪನೆಯ ಸಾಲಿನಲ್ಲಿ ಎರಡನ್ನೂ ಸೇರಿಸಿ. ನಮ್ಮ ಶಾಸನಗಳು ಹಲವು ಬಾರಿ ಬರೆದವನ, ಕಂಡರಿಸಿದವನ ಹೆಸರಿನೊಂದಿಗೆ ಮುಗಿಯುತ್ತವೆ. ನಿಮ್ಮ ಫಲಕದ ತಳದಲ್ಲಿಯೂ ಸ್ಥಾಪಿಸಿದ ತಿಂಗಳು, ವರ್ಷ, ಕೆತ್ತಿದ ಶಿಲ್ಪಿಯ ಹೆಸರು ಇದ್ದರೆ ಚೆನ್ನ. ಉದ್ಘಾಟಿಸಿದವರು, ಅಧ್ಯಕ್ಷತೆ ವಹಿಸಿದವರು, ಗೌರವ ಉಪಸ್ಥಿತಿಯವರು ಇವರಿಗೆ ಬೇರೆಯದೇ ಒಂದು ಸಣ್ಣ ಫಲಕ ಮಾಡಿಸಿ ಗೋಡೆಗೆ ಹಾಕಿಸಿ. ಅದೇ ಕಲ್ಲಿನ ಮೇಲೆ ಜಾಗ ಕೊಟ್ಟರೆ ಅರ್ಧ ಕಲ್ಲು ಅವರದಾಗುತ್ತದೆ. ಆಡಳಿತ ಮಂಡಳಿಯ ಅಧ್ಯಕ್ಷರಿಗೂ ಪ್ರತ್ಯೇಕ ಫಲಕವೇ ಸರಿ. ಕಾಲೇಜಿಗೆ ನಿವೇಶನ ಕೊಟ್ಟವರನ್ನು ಅಲ್ಲಿ ಮೊದಲಿಗೆ ಸ್ಮರಿಸಬಹುದು.

ಕಲ್ಲು ಮತ್ತು ಅಕ್ಷರದ ವಿಷಯವನ್ನು ಸ್ವಲ್ಪ ವಿಸ್ತರಿಸುತ್ತೇನೆ, ಏಕೆಂದರೆ ಬರಹ ಎಷ್ಟೇ ಚೆನ್ನಾಗಿದ್ದರೂ ಕೆಡುವುದು ಇಲ್ಲಿಯೇ. ಸಾದಹಳ್ಳಿಯ ಬೂದು ಕಲ್ಲು ನೋಡಲು ಗಂಭೀರವಾಗಿರುತ್ತದೆ, ಬಾಳಿಕೆಯೂ ಹೆಚ್ಚು, ಆದರೆ ಅದರ ಹರಳು ದಪ್ಪ. ಸಣ್ಣ ಅಕ್ಷರದ ಅಂಚು ಅದರಲ್ಲಿ ಚೂಪಾಗಿ ನಿಲ್ಲುವುದಿಲ್ಲ. ಇಪ್ಪತ್ತು ಇಪ್ಪತ್ತೈದು ಹೆಸರುಗಳ ಪಟ್ಟಿಗೆ ಹೊಳಪು ಕೊಟ್ಟ ಕಪ್ಪು ಗ್ರಾನೈಟ್ ಅನುಕೂಲ. ಮರಳಿನ ರಭಸದಿಂದ ಅಕ್ಷರ ಕೊರೆದಾಗ ಕೊರೆದ ಭಾಗ ತಾನಾಗಿಯೇ ಬೂದುಬಿಳುಪಾಗಿ ಕಾಣುವುದರಿಂದ ಬಣ್ಣ ತುಂಬುವ ಅಗತ್ಯವೇ ಇರುವುದಿಲ್ಲ. ಚಿನ್ನದ ಬಣ್ಣ ತುಂಬಿಸಿದ ಫಲಕಗಳು ಬಿಸಿಲಿಗೆ ಕೆಲವೇ ವರ್ಷಗಳಲ್ಲಿ ಅಲ್ಲಲ್ಲಿ ಉದುರಿ, ಅರ್ಧ ಅಕ್ಷರ ಉಳಿದು, ಓದಲಾಗದಂತಾಗುವುದನ್ನು ಎಷ್ಟೋ ಕಚೇರಿಗಳ ಮುಂದೆ ನೋಡಬಹುದು. ಕೈಯಿಂದ ಕಂಡರಿಸುವುದೇ ಬೇಕೆಂದರೆ ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಒಮ್ಮೆ ಹೋಗಿಬನ್ನಿ. ತಲೆಮಾರುಗಳಿಂದ ಕಲ್ಲಿನ ಕೆಲಸ ಮಾಡಿಕೊಂಡು ಬಂದ ಶಿಲ್ಪಿಗಳು ಅಲ್ಲಿದ್ದಾರೆ.

ಒತ್ತಕ್ಷರಗಳಿಗೆ ಜಾಗ ಬಿಡುವುದನ್ನು ಮರೆಯಬೇಡಿ. ‘ಲಕ್ಷ್ಮೀನಾರಾಯಣ’ ಎಂಬ ಹೆಸರಿನಲ್ಲಿ ಕ್ಷ ಮತ್ತು ಮ ಒಂದರಡಿಯೊಂದು ಇಳಿಯುತ್ತವೆ. ಅದರ ಕೆಳಗಿನ ಸಾಲಿನಲ್ಲಿ ಗುಡಿಸಿನ ಅಕ್ಷರವಿದ್ದರೆ ಎರಡೂ ತಾಗಿ ಗಂಟಾಗುತ್ತದೆ. ಇಂಗ್ಲಿಷ್ ಬರಹಕ್ಕೆ ಬಿಡುವ ಸಾಲಿನ ಅಂತರ ಕನ್ನಡಕ್ಕೆ ಸಾಲದು. ಹತ್ತು ಅಡಿ ದೂರದಿಂದ ಓದಬೇಕಾದರೆ ಅಕ್ಷರದ ಎತ್ತರ ಒಂದು ಅಂಗುಲವಾದರೂ ಇರಲಿ. ಇದಕ್ಕಿಂತ ದೊಡ್ಡ ಅಪಾಯ ಕಂಪ್ಯೂಟರಿನಲ್ಲಿದೆ. ನೀವು ಯೂನಿಕೋಡ್‌ನಲ್ಲಿ ಕಳಿಸಿದ ಬರಹವನ್ನು ಕೆತ್ತುವವರು ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಗೆ ಪರಿವರ್ತಿಸಿಕೊಳ್ಳುವಾಗ ಒತ್ತುಗಳು ಕಳಚಿ ಬೀಳುವುದುಂಟು. ‘ಮೂರ್ತಿ’ ಎಂಬಲ್ಲಿನ ಅರ್ಕಾವೊತ್ತು ಬಿದ್ದುಹೋದರೆ ಹಿರಿಯರೊಬ್ಬರ ಹೆಸರಿಗೆ ಎಂಥ ಅಪಚಾರವಾಗುತ್ತದೆಂದು ಹೇಳಬೇಕಾಗಿಲ್ಲ. ಕೆತ್ತುವ ಮುನ್ನ ಕಲ್ಲಿನಷ್ಟೇ ಅಳತೆಯ ಕಾಗದದ ಮೇಲೆ ಮುದ್ರಿಸಿ ತರಿಸಿಕೊಂಡು, ಬರಹ ಸಿದ್ಧಪಡಿಸಿದ ನಿಮ್ಮನ್ನು ಬಿಟ್ಟು ಬೇರೆ ಇಬ್ಬರಿಂದ ಅಕ್ಷರ ಅಕ್ಷರವಾಗಿ ಓದಿಸಿ.

ಪಿನಾಕಿನಿ:

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ‘ಹಳೆಯ ಕಡತ’ದವರು ಹೇಳಿದ ನಿಯಮವನ್ನು ಸಭೆಯ ಮುಂದೆ ಇಟ್ಟಾಗ ಆಕ್ಷೇಪಿಸಿದ್ದವರೇ ಮೊದಲು ಒಪ್ಪಿದರು. ಸಂಬಳದ ಬಿಲ್ಲುಗಳ ಕಟ್ಟುಗಳು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಸಿಕ್ಕಿವೆ. ಅವುಗಳಲ್ಲಿ ಆ ಅಧ್ಯಾಪಕಿಯವರ ಸಹಿ ಮೊದಲ ತಿಂಗಳಿಂದ ಕೊನೆಯ ತಿಂಗಳವರೆಗೂ ಇದೆ, ಎಲ್ಲವೂ ಕನ್ನಡದಲ್ಲಿ. ಅವರನ್ನಲ್ಲದೆ ಹಲಗೆಯಲ್ಲಿಲ್ಲದ ಇನ್ನೂ ಇಬ್ಬರ ಹೆಸರು ದೊರೆತಿದೆ. ಒಬ್ಬರು ಗಣಿತದವರು, ಪ್ರಾಂಶುಪಾಲರು ಸೇವೆಯಲ್ಲಿದ್ದಾಗಲೇ ತೀರಿಕೊಂಡ ಕಾರಣ ಹೊಣೆ ಹೊತ್ತವರು.

ಮುಳಬಾಗಿಲಿನವರ ಪ್ರಶ್ನೆಗಳು ನನ್ನನ್ನು ಬಹಳ ಕಾಡಿದವು. ಆ ಅಧ್ಯಾಪಕಿಯವರನ್ನು ಮನೆಗೆ ಹೋಗಿ ಕಂಡೆ. ವೇತನಶ್ರೇಣಿ ದೊರೆತಿರಲಿಲ್ಲ, ಪಾಠದ ಹೊರೆಯೂ ಇಳಿದಿರಲಿಲ್ಲ ಎಂದು ತಿಳಿಯಿತು. ವಿದ್ಯಾರ್ಥಿವೇತನದ ಸಲಹೆಯನ್ನು ಸಂಘ ಸ್ವೀಕರಿಸಿದೆ. ಫಲಕವನ್ನು ಬಿಟ್ಟು ಅದನ್ನು ಮಾಡುತ್ತಿಲ್ಲ, ಎರಡನ್ನೂ ಮಾಡುತ್ತಿದ್ದೇವೆ. ತಮ್ಮ ಹೆಸರಿನ ಎದುರು ‘ಪ್ರಭಾರ’ ಎಂದು ಬರೆಯಲು ಅಭ್ಯಂತರವಿದೆಯೇ ಎಂದು ಕೇಳಿದಾಗ ಅವರು, “ಇದ್ದದ್ದು ಹಾಗೆಯೇ ತಾನೇ, ಹಾಗೆಯೇ ಬರೆಯಮ್ಮ” ಎಂದರು.

ಫಲಕದ ಮೇಲ್ಭಾಗದ ಕರಡು ಹೀಗಿದೆ. ತಿದ್ದಬೇಕಾದದ್ದು ಇದ್ದರೆ ತಿಳಿಸಿ:

“ಈ ಕಾಲೇಜಿನ ಪ್ರಾಂಶುಪಾಲರಾಗಿ ಸೇವೆ ಸಲ್ಲಿಸಿದವರು. ಹುದ್ದೆ ಖಾಲಿಯಿದ್ದ ಅವಧಿಯಲ್ಲಿ ಹೊಣೆ ವಹಿಸಿಕೊಂಡು ಕಾಲೇಜನ್ನು ನಡೆಸಿದವರ ಹೆಸರಿನ ಎದುರು ‘ಪ್ರಭಾರ’ ಎಂದು ನಮೂದಿಸಿದೆ. ಅವಧಿಗಳಿಗೆ ಆಧಾರವಾದ ದಾಖಲೆಗಳ ಪ್ರತಿಗಳು ಕಾಲೇಜಿನ ಗ್ರಂಥಾಲಯದಲ್ಲಿವೆ.”

ಅವಧಿಯನ್ನು ವರ್ಷಗಳಲ್ಲಿ ಮಾತ್ರ ಕೊಡುವುದೆಂದುಕೊಂಡಿದ್ದೇವೆ. ಒಂದು ತೊಡಕು ಉಳಿದಿದೆ: ಒಂದು ಕಡೆ ಮೂರು ತಿಂಗಳ ಬಿಲ್ಲುಗಳನ್ನು ಗೆದ್ದಲು ತಿಂದಿದೆ, ಆ ಅವಧಿಯ ಸಹಿ ಯಾರದೆಂದು ತಿಳಿಯುತ್ತಿಲ್ಲ.

ಹಳೆಯ ಕಡತ:

ಕರಡು ಚೆನ್ನಾಗಿದೆ, ದಾಖಲೆಗಳ ಪ್ರತಿಯನ್ನು ಗ್ರಂಥಾಲಯದಲ್ಲಿ ಇಡುವುದಂತೂ ಬಹಳ ಒಳ್ಳೆಯ ಯೋಚನೆ. ವರ್ಷ ಮಾತ್ರ ಹಾಕಬೇಡಿ, ತಿಂಗಳನ್ನೂ ಸೇರಿಸಿ. ಗಣಿತದವರು ಆರೇಳು ತಿಂಗಳು ಇದ್ದಿದ್ದರೆ ಅವರ ಎದುರು ಒಂದೇ ವರ್ಷ ಎರಡು ಸಲ ಬಂದು ಓದುವವರಿಗೆ ಅರ್ಥವಾಗುವುದಿಲ್ಲ. ತಿಂಗಳಿದ್ದರೆ ಹುದ್ದೆ ಎಷ್ಟು ಕಾಲ ಖಾಲಿಯಿತ್ತೆಂಬುದೂ ತಿಳಿಯುತ್ತದೆ, ಮುಳಬಾಗಿಲಿನವರ ಮಾತಿಗೂ ಬೆಲೆ ಬಂದಂತಾಗುತ್ತದೆ. ಹೆಸರುಗಳು ಕಲ್ಲಿನ ಮೂರನೆಯ ಎರಡು ಭಾಗದೊಳಗೆ ಮುಗಿಯುವಂತೆ ಅಳತೆ ಹಾಕಿಸಿ. ಮುಂದಿನವರಿಗೆ ಚೌಕಟ್ಟಿನ ಮೇಲೆ ಬರೆಯುವ ಗತಿ ಬರಬಾರದು.

ಗೆದ್ದಲು ತಿಂದ ಮೂರು ತಿಂಗಳಿಗೆ ದಾರಿಗಳಿವೆ. ಆ ಅವಧಿಯಲ್ಲಿ ವಿಶ್ವವಿದ್ಯಾನಿಲಯದ ಪರೀಕ್ಷೆ ನಡೆದಿದ್ದರೆ ಪ್ರಾಂಶುಪಾಲರೇ ಮುಖ್ಯ ಅಧೀಕ್ಷಕರಾಗಿರುತ್ತಾರೆ. ಉತ್ತರಪತ್ರಿಕೆಗಳ ಕಟ್ಟು ಕಳಿಸಿದ ವರದಿಯ ಕಚೇರಿ ಪ್ರತಿ ಹುಡುಕಿ. ಹೊರಹೋಗುವ ಪತ್ರಗಳನ್ನು ನಮೂದಿಸುವ ಜಾವಕ ವಹಿಯಲ್ಲಿ ಸಹಿ ಇರುವುದಿಲ್ಲ, ಆದರೆ ಪ್ರಭಾರ ವಹಿಸಿಕೊಂಡ ವರದಿಯನ್ನು ಇಲಾಖೆಗೆ ಕಳಿಸಿದ ದಿನಾಂಕ, ಸಂಖ್ಯೆ ಇರುತ್ತದೆ. ಆ ಸಂಖ್ಯೆ ಹಿಡಿದು ಇಲಾಖೆಯ ಕಚೇರಿಯಲ್ಲಿ ಪ್ರತಿ ಕೇಳಬಹುದು. ಆಡಳಿತ ಮಂಡಳಿಯ ನಡವಳಿ ಪುಸ್ತಕದಲ್ಲಿ ಆ ತಿಂಗಳ ಸಭೆಗೆ ಹಾಜರಿದ್ದವರ ಪಟ್ಟಿಯನ್ನೂ ನೋಡಿ. ಇಷ್ಟರಲ್ಲಿ ಯಾವುದೂ ದೊರೆಯದಿದ್ದರೆ ಆ ಮೂರು ತಿಂಗಳನ್ನು ಯಾರ ಲೆಕ್ಕಕ್ಕೂ ಸೇರಿಸದೆ ದಾಖಲೆ ಹೇಳುವಷ್ಟನ್ನೇ ಕೆತ್ತಿಸಿ.

ಇನ್ನೊಂದು ಮಾತು. ಫಲಕವನ್ನು ಹೂದೋಟದ ನಡುವೆ ನಿಲ್ಲಿಸುವ ಯೋಚನೆಯಿದ್ದರೆ ಬಿಡಿ. ನಮ್ಮ ಕಡೆಯ ಕೊಳವೆಬಾವಿಯ ನೀರು ಗಡಸು. ಗಿಡಗಳಿಗೆ ಹಾಯಿಸಿದ ನೀರು ಸಿಡಿದು ಒಣಗಿದರೆ ಕಪ್ಪು ಕಲ್ಲಿನ ಮೇಲೆ ಬಿಳಿಯ ಉಪ್ಪು ಕಟ್ಟಿ, ಉಜ್ಜಿದರೂ ಹೋಗುವುದಿಲ್ಲ. ಕಚೇರಿಯ ಮುಂದಿನ ಜಗಲಿಯಲ್ಲಿ, ಮಕ್ಕಳು ಶುಲ್ಕ ಕಟ್ಟಲು ಸಾಲು ನಿಲ್ಲುವ ಗೋಡೆಗೆ ಹಾಕಿಸಿ. ಕಬ್ಬಿಣದ ಮೊಳೆ ತುಕ್ಕು ಹಿಡಿದು ಕಲೆ ಬಿಡುತ್ತದೆ, ಆದ್ದರಿಂದ ಸ್ಟೀಲಿನ ಮೊಳೆಯನ್ನೇ ಬಳಸಲು ಮೇಸ್ತ್ರಿಗೆ ಮೊದಲೇ ಹೇಳಿಡಿ.